ಹಳೆಯ ಎಲೆಕ್ಟ್ರಿಕ್ ಗಿಟಾರ್: ಯಾವ ಮಾರ್ಪಾಡಿಗೆ ಬೆಲೆ ಎಷ್ಟು ಇಳಿಯುತ್ತದೆ, ಅದನ್ನು ಅಳೆಯುವುದು ಹೇಗೆ

1954ರಿಂದ 1965ರ ನಡುವಿನ ಫೆಂಡರ್ ಸ್ಟ್ರಾಟೊಕಾಸ್ಟರ್ ಅಥವಾ 1950ರ ದಶಕದ ಗಿಬ್ಸನ್ ಲೆಸ್ ಪಾಲ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಸೀರಿಯಲ್ ನಂಬರ್ ನೋಡುತ್ತಾರೆ, ಆಮೇಲೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ವಿಚಾರಿಸುತ್ತಾರೆ, ಬಣ್ಣವನ್ನು ಕೊನೆಗೆ ನೋಡುತ್ತಾರೆ. ಬೆಲೆ ಬೀಳುವ ಕ್ರಮ ಇದಕ್ಕೆ ತದ್ವಿರುದ್ಧ. ಬಣ್ಣ ಮತ್ತು ಮರ ಮೊದಲು, ಪಿಕಪ್ ನಂತರ, ತಿರುಪಿನಿಂದ ಬಿಚ್ಚಿ ಬದಲಾಯಿಸಬಹುದಾದದ್ದೆಲ್ಲ ಕೊನೆಗೆ.

ಮಾರ್ಪಾಡಿನಿಂದ ನಾದ ಚೆನ್ನಾಯಿತೇ ಎಂದು ಮಾರುಕಟ್ಟೆ ಕೇಳುವುದಿಲ್ಲ. ಮೂಲ ಮರ ಅಥವಾ ಮೂಲ ಬಣ್ಣ ಕಳೆದುಹೋಯಿತೇ ಎಂದು ಕೇಳುತ್ತದೆ. ಕೊರೆದ ಮರವನ್ನು, ಉಜ್ಜಿ ತೆಗೆದ ಬಣ್ಣವನ್ನು ಮತ್ತೆ ತರಲಾಗದು. ಬಿಚ್ಚಿಟ್ಟ ಸ್ವಿಚ್ಚನ್ನು ಮತ್ತೆ ಕೂರಿಸಬಹುದು. ಕೆಳಗಿನ ಹಂತಗಳೆಲ್ಲ ಈ ವ್ಯತ್ಯಾಸವನ್ನು ಕಣ್ಣಾರೆ ಪತ್ತೆ ಹಚ್ಚುವುದಕ್ಕಾಗಿ. ಮುಖ್ಯ ಉದಾಹರಣೆ ಸ್ಟ್ರಾಟೊಕಾಸ್ಟರ್ (ಚಿಕ್ಕದಾಗಿ 'ಸ್ಟ್ರಾಟ್'). ಲೆಸ್ ಪಾಲ್ ಬೇರೆಯಾಗುವ ಕಡೆ ಹಾಗೆಂದು ಹೇಳಿದೆ.

## ಕೈಯಲ್ಲಿ ಇರಬೇಕಾದವು

- 365 ನ್ಯಾನೊಮೀಟರ್‌ನ ಯುವಿ ಟಾರ್ಚ್. ಅಗ್ಗದ 395ರ ಟಾರ್ಚ್ ನೇರಳೆ ಬೆಳಕನ್ನೇ ಹೆಚ್ಚು ಚೆಲ್ಲುವುದರಿಂದ ಲ್ಯಾಕರ್‌ನ (ಮರದ ಮೇಲಿನ ಲೇಪದ) ಹೊಳಪು ಕಾಣುವುದಿಲ್ಲ.
- ಸಾಧಾರಣ ಬಿಳಿ ಟಾರ್ಚ್, ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ, 10 ಪಟ್ಟು ಹಿಗ್ಗಿಸುವ ಭೂತಗನ್ನಡಿ.
- ಒಂದು ಮತ್ತು ಎರಡನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್. ತುದಿ ಸವೆದಿರಬಾರದು.
- ಮಲ್ಟಿಮೀಟರ್, ಕೋಣೆಯ ಉಷ್ಣತೆ ತೋರಿಸುವ ಥರ್ಮಾಮೀಟರ್, ಡಿಜಿಟಲ್ ವರ್ನಿಯರ್, ಫೋನಿನ ಕ್ಯಾಮೆರಾ.
- ಸ್ಕ್ರೂಗಳನ್ನು ಜಾಗವಾರು ಇಡಲು ಚಿಕ್ಕ ಡಬ್ಬಿಗಳು. ನೆಕ್ (ಗಿಟಾರಿನ ಕತ್ತು) ಸ್ಕ್ರೂ, ಪಿಕ್‌ಗಾರ್ಡ್ (ಬಾಡಿಯ ಮುಖದ ಪ್ಲಾಸ್ಟಿಕ್ ಹಲಗೆ) ಸ್ಕ್ರೂ ಒಂದೇ ಬಟ್ಟಲಿಗೆ ಬೀಳಬಾರದು.

ಮಾಸ್ಕಿಂಗ್ ಟೇಪ್ ಈ ಪಟ್ಟಿಯಲ್ಲಿಲ್ಲ. ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಮೇಲೆ ಟೇಪ್ ಅಂಟಿಸಿ ಕಿತ್ತರೆ ಬಣ್ಣವೂ ಜೊತೆಗೆ ಎದ್ದು ಬರಬಹುದು. ರಬ್ಬರ್ ಹೊದಿಸಿದ ಸ್ಟ್ಯಾಂಡ್ ಕೂಡ ಬೇಡ. ರಬ್ಬರ್ ತಾಗಿದಲ್ಲಿ ಲ್ಯಾಕರ್ ಮೆತ್ತಗಾಗಿ ಕಲೆ ಕಟ್ಟುತ್ತದೆ. ಮೇಜಿನ ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಿ ಗಿಟಾರನ್ನು ಮಲಗಿಸಿ.

## 1. ಆಧಾರ ಬೆಲೆಯನ್ನು ಮೊದಲು ಗೊತ್ತುಮಾಡಿ

ಅದೇ ಮಾಡೆಲ್, ಅದೇ ವರ್ಷ, ಅದೇ ಬಣ್ಣ, ಯಾವುದೂ ಬದಲಾಗದ ಗಿಟಾರ್ ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದೇ ಆಧಾರ ಬೆಲೆ. ಮಾರುವವರು ಕೇಳುತ್ತಿರುವ ಬೆಲೆ ಲೆಕ್ಕಕ್ಕಿಲ್ಲ. ಮಾರಾಟ ಮುಗಿದು ಹಣ ಕೈಬದಲಾಗಿದ್ದನ್ನು ಮಾತ್ರ ಪರಿಗಣಿಸಿ, ಕನಿಷ್ಠ ಮೂರು ಉದಾಹರಣೆ ಹುಡುಕಿ.

ವರ್ಷದ ವಿಷಯದಲ್ಲಿ ಎಚ್ಚರವಿರಲಿ. ಫೆಂಡರ್ ಕಂಪನಿ 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಕೈಸೇರಿತು. ಅದಕ್ಕಿಂತ ಹಿಂದಿನವಕ್ಕೆ 'ಪ್ರೀ-ಸಿಬಿಎಸ್' ಎಂದು ಹೆಚ್ಚಿನ ಬೆಲೆ. ಇನ್ನೂ ಒಂದು ಎಚ್ಚರ: ಖ್ಯಾತರ ಗಿಟಾರಿನ ಬೆಲೆಯನ್ನು ಹೋಲಿಕೆಗೆ ತರಬೇಡಿ. ಎರಿಕ್ ಕ್ಲಾಪ್ಟನ್ ಅವರ 'ಬ್ಲ್ಯಾಕಿ' ಹಲವು ಸ್ಟ್ರಾಟ್‌ಗಳ ಭಾಗ ಸೇರಿಸಿ ಕಟ್ಟಿದ್ದು. 2004ರಲ್ಲಿ 9,59,500 ಡಾಲರ್‌ಗೆ ಹೋಯಿತು. ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್ ವರ್ಷಗಟ್ಟಲೆ ಮಾರ್ಪಾಡು ಕಂಡದ್ದು. 2019ರಲ್ಲಿ 39,75,000 ಡಾಲರ್‌ಗೆ ಹೋಯಿತು. ಅಲ್ಲಿ ಕೊಂಡವರು ದುಡ್ಡು ಕೊಟ್ಟದ್ದು ನುಡಿಸಿದ ಕೈಗೆ. ನಿಮ್ಮ ಮುಂದಿರುವ ಗಿಟಾರಿಗೆ ಆ ಲೆಕ್ಕ ಹೊಂದುವುದಿಲ್ಲ.

## 2. ಬಿಚ್ಚುವ ಮೊದಲು ತೂತುಗಳನ್ನು ಎಣಿಸಿ

ಗಿಟಾರನ್ನು ಮುಟ್ಟುವ ಮುಂಚೆ ಮುಂದೆ, ಹಿಂದೆ, ತಲೆ, ಅಂಚು ಎಲ್ಲವನ್ನೂ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ತೂತುಗಳತ್ತ ಬನ್ನಿ.

ತಲೆಯ ಹಿಂಭಾಗ ಮೊದಲು. 1967ಕ್ಕಿಂತ ಹಿಂದಿನ ಫೆಂಡರ್‌ಗಳಲ್ಲಿ ಕ್ಲೂಸನ್ ಕಂಪನಿಯ ಟ್ಯೂನರ್ (ತಂತಿ ಬಿಗಿಸುವ ಕಿವಿ) ಇರಬೇಕು. 1957ರ ಸುಮಾರಿನಿಂದ 1964ರವರೆಗೆ ಅದರ ಬೆನ್ನ ಮೇಲೆ ಬರಹ ಒಂದೇ ಸಾಲಿನಲ್ಲಿ, ಆಮೇಲೆ ಎರಡು ಸಾಲಿನಲ್ಲಿ. 1970ರ ದಶಕದಲ್ಲಿ ಇವನ್ನು ಕಿತ್ತು ಗ್ರೋವರ್ ಅಥವಾ ಶಾಲರ್ ಹಾಕಿಸುವುದು ರೂಢಿಯಾಗಿತ್ತು. ಅವಕ್ಕೆ ಸುಮಾರು 10 ಮಿ.ಮೀ. ತೂತು ಬೇಕು, ಕ್ಲೂಸನ್ ತೂತು ಅದಕ್ಕಿಂತ ಕಿರಿದು. ಹಾಗಾಗಿ ಟ್ಯೂನರ್ ಬದಲಾಗಿದೆಯೇ ಎನ್ನುವುದಕ್ಕಿಂತ ತೂತು ಅಗಲವಾಗಿದೆಯೇ ಎನ್ನುವುದು ದೊಡ್ಡ ಪ್ರಶ್ನೆ. ಈಗ ಕ್ಲೂಸನ್ನೇ ಕೂತಿದ್ದರೂ ಬುಶಿಂಗ್ (ತೂತಿನ ಲೋಹದ ಉಂಗುರ) ಸುತ್ತ ಖಾಲಿ ಜಾಗ, ಮರದ ಪುಡಿ ತುಂಬಿದ ಗುರುತು, ಅಥವಾ ಹಿಂದೆ ಬೇರೆ ಆಕಾರದ ನೆರಳು ಕಂಡರೆ ತೂತು ಹಿಂದೊಮ್ಮೆ ಅಗಲವಾಗಿದೆ ಎಂದೇ ತಿಳಿಯಿರಿ. ಲೆಸ್ ಪಾಲ್‌ನಲ್ಲಿ ಒಂದೊಂದು ಕ್ಲೂಸನ್‌ಗೆ ಎರಡು ಸ್ಕ್ರೂ. ಗ್ರೋವರ್ ರೋಟೊಮ್ಯಾಟಿಕ್‌ಗೆ ಒಂದೇ. ಉಳಿದ ಹಳೆಯ ತೂತುಗಳು ಎಲ್ಲವನ್ನೂ ಹೇಳಿಬಿಡುತ್ತವೆ.

ಬೆಲೆ ಇಳಿತ: ತೂತು ಅಗಲವಾಗದೆ ಟ್ಯೂನರ್ ಮಾತ್ರ ಬದಲಾಗಿದ್ದರೆ ಆ ಕಾಲದ ಒಂದು ಸೆಟ್‌ನ ಬೆಲೆಯಷ್ಟು. ತೂತು ಅಗಲವಾಗಿದ್ದರೆ ಒಟ್ಟು ಬೆಲೆಯಲ್ಲಿ ಸುಮಾರು ಶೇ. 10.

ಪಿಕ್‌ಗಾರ್ಡ್ ಸ್ಕ್ರೂಗಳನ್ನೂ ಎಣಿಸಿ. 1959ರ ಮಧ್ಯದವರೆಗೆ ಒಂದೇ ಪದರದ ಬಿಳಿ ಹಲಗೆಗೆ 8 ಸ್ಕ್ರೂ, ಅಲ್ಲಿಂದಾಚೆ ಮೂರು ಪದರದ ಹಲಗೆಗೆ 11. 1957ರದ್ದೆಂದು ತೋರಿಸಿದ ಬಾಡಿಯಲ್ಲಿ 11 ತೂತುಗಳಿದ್ದರೆ ಯಾರೋ ಹೊಸ ಹಲಗೆ ಹಾಕಲು ಕೊರೆದಿದ್ದಾರೆ, ಅಥವಾ ಬಾಡಿಯೇ 1957ರದ್ದಲ್ಲ.

## 3. ಕತ್ತಲೆ ಕೋಣೆಯಲ್ಲಿ ಬಣ್ಣದ ಪರೀಕ್ಷೆ

ಇಲ್ಲಿ ಆತುರ ಬೇಡ. ಮಾರುಕಟ್ಟೆಯ ರೂಢಿಯಲ್ಲಿ ಪೂರ್ತಿ ಮರುಬಣ್ಣ ಬೆಲೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಉಳಿದ ಮಾರ್ಪಾಡುಗಳಲ್ಲಿ ಹೆಚ್ಚಿನವು ಬೆಲೆಯನ್ನು ಇಷ್ಟು ಇಳಿಸುವುದಿಲ್ಲ.

ಕಿಟಕಿ ಮುಚ್ಚಿ, ಕಣ್ಣು ಕತ್ತಲೆಗೆ ಹೊಂದಲು ಎರಡು ನಿಮಿಷ ಬಿಟ್ಟು, ಯುವಿ ಟಾರ್ಚನ್ನು ಒಂದು ಅಡಿ ದೂರದಿಂದ ಓರೆಯಾಗಿ ಹಿಡಿಯಿರಿ. ಬೆಳಕು ಕಣ್ಣಿಗೆ ಬೀಳದಿರಲಿ. ದಶಕಗಳಷ್ಟು ಹಳೆಯ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಹೊಸ ಲ್ಯಾಕರ್ ಕಪ್ಪಾಗಿ, ಇಲ್ಲವೇ ನೇರಳೆಯಾಗಿ ಮಂಕಾಗಿರುತ್ತದೆ. ಇಡೀ ಮೈ ಒಂದೇ ಸಮ ಕಪ್ಪಾಗಿದ್ದರೆ ಪೂರ್ತಿ ಮರುಬಣ್ಣದ ಶಂಕೆ. ಒಂದು ಅಂಚಿನಲ್ಲಿ ಮಾತ್ರ ಕಪ್ಪು ಮೋಡದಂತೆ ಹರಡಿದ್ದರೆ ಅಷ್ಟಕ್ಕೆ ತೇಪೆ ಹಾಕಿದ್ದಾರೆ.

ಹಾಗೆಂದು ಯುವಿ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಮುಂಗೈ ಉಜ್ಜಿ ಲ್ಯಾಕರ್ ಸವೆದ ಕಡೆ, ಬೆವರು ಕುಡಿದ ನೆಕ್ಕಿನ ಹಿಂಭಾಗದಲ್ಲಿ ಮೂಲ ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಇನ್ನೂ ಮೂರು ಗುರುತು ನೋಡಿ:

ಬಿರುಕು. ಚಳಿಗೆ ಹಳೆಯ ಲ್ಯಾಕರ್ ಕೂದಲೆಳೆಯಂತೆ ಸೀಳುತ್ತದೆ. ಗೆರೆಗಳು ಕವಲೊಡೆದು ಅಡ್ಡಾದಿಡ್ಡಿ ಸಾಗುತ್ತವೆ. ಬ್ಲೇಡಿನಿಂದ ಗೀಚಿದ ಸುಳ್ಳು ಬಿರುಕುಗಳು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ. ಭೂತಗನ್ನಡಿಯಲ್ಲಿ ಅವುಗಳ ತುಟಿ ಎದ್ದಿರುವುದು ಕಾಣುತ್ತದೆ.

ಅಂಚು. ಹಳೆಯ ಬಣ್ಣ ತೆಗೆಯಲು ಮರಳುಕಾಗದ ಉಜ್ಜಿದಾಗ ನೆಕ್ ಪಾಕೆಟ್‌ನ (ನೆಕ್ ಕೂರುವ ಗುಳಿಯ) ಮೂಲೆ, ಜ್ಯಾಕ್‌ನ ಗುಳಿಯ ಬಾಯಿ ದುಂಡಾಗುತ್ತವೆ. ಫ್ಯಾಕ್ಟರಿಯಿಂದ ಬಂದಾಗ ಅವು ಚೂಪಾಗಿದ್ದವು.

ಪ್ಲೇಟಿನ ಅಚ್ಚು. ದಶಕಗಟ್ಟಲೆ ಬಿಗಿದು ಕೂತ ನೆಕ್ ಪ್ಲೇಟ್ (ನೆಕ್ ಸ್ಕ್ರೂಗಳ ಕೆಳಗಿನ ಲೋಹದ ತಗಡು) ಲ್ಯಾಕರಿನಲ್ಲಿ ಹಳ್ಳ ಮಾಡಿರಬೇಕು. ಹಳ್ಳವೇ ಇಲ್ಲದ ನುಣುಪಾದ ಬಣ್ಣ ಇತ್ತೀಚಿನದು.

ಅಸಿಟೋನ್ ಅಥವಾ ಥಿನ್ನರ್ ಹಚ್ಚಿ ನೋಡುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಬೇಡ. ಮೂಲ ಲ್ಯಾಕರ್ ಆಗಿದ್ದರೆ ಅದು ಅಲ್ಲೇ ಕರಗುತ್ತದೆ, ಪರೀಕ್ಷೆಯೇ ಹಾನಿಯಾಗುತ್ತದೆ.

## 4. ನೆಕ್ ಕಳಚುವುದು (ಫೆಂಡರ್‌ಗೆ ಮಾತ್ರ)

ಮಾಲೀಕರ ಒಪ್ಪಿಗೆ ಇಲ್ಲದೆ ಇದಕ್ಕೆ ಕೈ ಹಾಕಬಾರದು. ಗಿಬ್ಸನ್ ನೆಕ್ ಅಂಟಿಸಿದ್ದು. ಅದು ಕಳಚುವುದಿಲ್ಲ, ನೇರ 5ನೇ ಹಂತಕ್ಕೆ ಹೋಗಿ.

ತಂತಿಗಳನ್ನು ಪೂರ್ತಿ ಸಡಿಲಿಸಿ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತ ಬನ್ನಿ. ನೆಕ್ ಅಂಟಿಕೊಂಡಿದ್ದರೆ ತಿರುಚಬೇಡಿ. ಪಾಕೆಟ್ ಪಕ್ಕದ ತೆಳು ಮರದ ಮೇಲೆ ಲ್ಯಾಕರ್ ಸೀಳುತ್ತದೆ. ನೇರವಾಗಿ ಮೇಲಕ್ಕೆ ಎತ್ತಿ.

ನೆಕ್ಕಿನ ಬುಡದಲ್ಲಿ ತಾರೀಕು ಇರುತ್ತದೆ: 1962ರ ಆರಂಭದವರೆಗೆ ಪೆನ್ಸಿಲ್, ಆ ವರ್ಷದ ಮಾರ್ಚ್‌ನಿಂದ ಶಾಯಿಯ ಮುದ್ರೆ. ಬಹಳ ಜನ ಎಡವುವುದು ಈ ಮುದ್ರೆಯಲ್ಲಿ. '2 ಮಾರ್ 62 ಬಿ' ಎಂದಿದ್ದರೆ ಅದು ಮಾರ್ಚ್ 2 ಅಲ್ಲ. ಮೊದಲ ಅಂಕೆ ಮಾಡೆಲ್‌ನ ಸಂಕೇತ, 2 ಎಂದರೆ ಸ್ಟ್ರಾಟೊಕಾಸ್ಟರ್. ಕೊನೆಯ ಅಕ್ಷರ ನಟ್‌ನ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿಯ) ಅಗಲ. ಬೇರೆ ಅಂಕೆ ಇದ್ದರೆ ಬೇರೆ ಮಾಡೆಲ್‌ನ ನೆಕ್ ತಂದು ಜೋಡಿಸಿರಬಹುದು, ತಲೆಯ ಆಕಾರ ಮತ್ತು ಡೆಕಾಲನ್ನು (ಹೆಸರಿನ ಅಂಟು ಚೀಟಿಯನ್ನು) ಮತ್ತೆ ಪರಿಶೀಲಿಸಿ.

ಪಾಕೆಟ್‌ನಲ್ಲಿ ತೆಳು ಕಾಗದದ ಶಿಮ್ (ನೆಕ್ಕಿನ ಕೋನ ಸರಿಪಡಿಸಲು ಇಡುವ ತುಂಡು) ಸಿಕ್ಕರೆ ಗಾಬರಿ ಬೇಡ, ಫ್ಯಾಕ್ಟರಿಯೇ ಹಾಕುತ್ತಿತ್ತು. 1962–63ರ ನಂತರದ ಬಾಡಿಗಳಲ್ಲಿ ಬಣ್ಣ ಹೊಡೆಯುವಾಗ ಹಿಡಿಯಲು ಪಾಕೆಟ್‌ಗೆ ಕೋಲು ಬಿಗಿಯುತ್ತಿದ್ದರು. ಆ ಕೋಲಿನ ಅಗಲದಷ್ಟು ಜಾಗ ಬಣ್ಣವಿಲ್ಲದೆ ಉಳಿದಿರುತ್ತದೆ. ಇಡೀ ಪಾಕೆಟ್‌ಗೆ ಸಮನಾಗಿ ಬಣ್ಣ ಬಿದ್ದಿದ್ದರೆ ಅದು ಮರುಬಣ್ಣದ ಬಲವಾದ ಸುಳಿವು.

ಸೀರಿಯಲ್ ನಂಬರ್ ಇರುವುದು ನಿಮ್ಮ ಕೈಯಲ್ಲಿರುವ ಆ ಬಿಡಿ ಪ್ಲೇಟಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಯಾವ ಗಿಟಾರಿಗೆ ಬೇಕಾದರೂ ಹಾಕಬಹುದು. ಅದನ್ನು ಸಾಕ್ಷಿಯೆಂದು ನಂಬುವುದು ಎಷ್ಟು ಸಡಿಲ ಎಂಬುದು ಈಗ ಸ್ಪಷ್ಟವಾಗುತ್ತದೆ.

ಮರಳಿ ಜೋಡಿಸುವಾಗ ಪ್ರತಿ ಸ್ಕ್ರೂವನ್ನು ಮೊದಲು ಎಡಕ್ಕೆ ನಿಧಾನ ತಿರುಗಿಸಿ. ಮರದಲ್ಲಿರುವ ಹಳೆಯ ತಿರುಪಿನ ಗೆರೆಗೆ ಬಿದ್ದಾಗ 'ಟಿಕ್' ಎಂದು ಕೆಳಗಿಳಿಯುತ್ತದೆ. ಆಮೇಲೆ ಬಲಕ್ಕೆ ಬಿಗಿಯಿರಿ. ಹಾಗೆ ಮಾಡದಿದ್ದರೆ ಮರದಲ್ಲಿ ಹೊಸ ಗೆರೆ ಕೊರೆದು ಹಿಡಿತ ಹೋಗುತ್ತದೆ.

## 5. ಪಿಕ್‌ಗಾರ್ಡ್ ಅಡಿಯಲ್ಲಿ: ಮೊಳೆಯ ಗುರುತು ಮತ್ತು ಕೊರೆತ

1959ರಿಂದ 1965ರವರೆಗಿನ ಹಸಿರು ಛಾಯೆಯ ಸೆಲ್ಯುಲಾಯ್ಡ್ ಹಲಗೆ ಕಾಲಕ್ರಮೇಣ ಕುಗ್ಗಿರುತ್ತದೆ. ಎಲ್ಲ ಸ್ಕ್ರೂ ತೆಗೆದ ಮೇಲೂ ಬಾಗಿಸಿ ಎಳೆದರೆ ಸೀಳುತ್ತದೆ. ಜ್ಯಾಕ್ ಕಡೆಯ ವೈರ್‌ಗೆ ಅವಕಾಶ ಬಿಟ್ಟು ಮೆಲ್ಲಗೆ ಮಗುಚಿ.

1964ರವರೆಗೆ ಫೆಂಡರ್ ಬಾಡಿಗಳನ್ನು ಮುಖಕ್ಕೆ ಹೊಡೆದ ಮೊಳೆಗಳ ಮೇಲೆ ನಿಲ್ಲಿಸಿ ಬಣ್ಣ ಒಣಗಿಸುತ್ತಿದ್ದರು. ಬಣ್ಣ ಬಿದ್ದ ನಂತರ ಮೊಳೆ ಕಿತ್ತದ್ದರಿಂದ ಆ ತೂತುಗಳ ಒಳಗೆ ಬರೀ ಮರ ಕಾಣಬೇಕು. ತೂತಿನೊಳಗೆ ಬಣ್ಣ ಇಳಿದಿದ್ದರೆ, ಅಥವಾ ತೂತುಗಳೇ ಮುಚ್ಚಿದ್ದರೆ, ಬಾಡಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಯುವಿಗಿಂತ ಗಟ್ಟಿಯಾದ ಸಾಕ್ಷಿ ಇದು. ಕೆಂಪು ಅಥವಾ ನೀಲಿ ಬಣ್ಣದಡಿ ಸನ್‌ಬರ್ಸ್ಟ್ (ಅಂಚಿನಲ್ಲಿ ಗಾಢ, ನಡುವೆ ಹಳದಿಯಾದ ಬಣ್ಣ) ಇಣುಕಿದರೆ ಕೂಡಲೇ ಮರುಬಣ್ಣ ಎನ್ನಬೇಡಿ: ಫೆಂಡರ್‌ನವರೇ ಕೆಲವೊಮ್ಮೆ ಸನ್‌ಬರ್ಸ್ಟ್ ಮೇಲೆ ವಿಶೇಷ ಬಣ್ಣ ಹೊಡೆದದ್ದುಂಟು. ಮೊಳೆಯ ತೂತಿನಲ್ಲಿ ಮೇಲಿನ ಬಣ್ಣ ಇಳಿದಿದೆಯೇ ಎಂಬುದೇ ಅಲ್ಲಿ ನಿರ್ಣಾಯಕ.

ಈಗ ಕೊರೆತ. ಬ್ರಿಡ್ಜ್ (ಬಾಡಿಯಲ್ಲಿ ತಂತಿ ಕೂರುವ ಭಾಗ) ಬಳಿ ಹಂಬಕರ್ (ಎರಡು ಸುರುಳಿಯ ದೊಡ್ಡ ಪಿಕಪ್) ಕೂರಿಸಲು ರೌಟರ್ ಎಂಬ ಮರ ಕೊರೆಯುವ ಯಂತ್ರದಿಂದ ಗುಳಿ ಅಗಲಿಸಿದ್ದಾರೆಯೇ? ಹೊಸ ಕೊರೆತದ ಗೋಡೆಯಲ್ಲಿ ಬಣ್ಣ ಇರುವುದಿಲ್ಲ, ಮರ ತಿಳಿಯಾಗಿರುತ್ತದೆ, ಮೂಲೆಗಳು ಒರಟು. 1980ರ ದಶಕದಲ್ಲಿ ಫ್ಲಾಯ್ಡ್ ರೋಸ್ (ತಂತಿಗಳಿಗೆ ಬೀಗ ಹಾಕುವ ಬ್ರಿಡ್ಜ್) ಹಾಕಿಸಿದ ಗಿಟಾರಿನಲ್ಲಿ ಏಟು ಎರಡು ಕಡೆ ಬಿದ್ದಿರುತ್ತದೆ: ಬಾಡಿಯಲ್ಲಿ ಬ್ರಿಡ್ಜ್ ಸುತ್ತ ಗುಳಿ, ನೆಕ್‌ನಲ್ಲಿ ಲಾಕಿಂಗ್ ನಟ್‌ಗಾಗಿ ಕತ್ತರಿಸಿದ ಮೆಟ್ಟಿಲು. ಪಿಕ್‌ಗಾರ್ಡ್ ಅಡಿಯಲ್ಲೇ ಮುಚ್ಚಿಹೋಗುವ ಕೊರೆತಕ್ಕೆ ಶೇ. 15ರಿಂದ 25ರಷ್ಟು ಕಡಿತ ಸಾಧಾರಣ. ಹೊರಗೆ ಕಾಣುವ ಕೊರೆತ ಮರುಬಣ್ಣದಷ್ಟೇ ಕೆಟ್ಟದ್ದು, ಏಕೆಂದರೆ ಮುಚ್ಚಬೇಕಾದರೆ ಮರ ತುಂಬಿ ಬಣ್ಣವನ್ನೂ ಹೊಡೆಯಲೇಬೇಕು.

## 6. ಬೆಸುಗೆ, ಪಾಟ್, ವೈರು

ಪಾಟ್‌ನ (ವಾಲ್ಯೂಮ್, ಟೋನ್ ಗುಬ್ಬಿಯ ಅಡಿಯ ಪೊಟೆನ್ಷಿಯೋಮೀಟರ್‌ನ) ಬೆನ್ನ ಮೇಲಿನ ಅಂಕೆಗಳನ್ನು ಓದಿ. ಮೊದಲ ಮೂರು ತಯಾರಕರದ್ದು: 304 ಸ್ಟ್ಯಾಕ್‌ಪೋಲ್, 137 ಸಿಟಿಎಸ್, 134 ಸೆಂಟ್ರಲ್ಯಾಬ್. ಮುಂದಿನವು ವರ್ಷ, ಕೊನೆಯ ಎರಡು ವಾರ. 304-6320 ಎಂದರೆ 1963ರ 20ನೇ ವಾರ. 1950ರ ದಶಕದವುಗಳಲ್ಲಿ ವರ್ಷಕ್ಕೆ ಒಂದೇ ಅಂಕೆ ಇರಬಹುದು. ಪಾಟ್ ಗಿಟಾರಿಗಿಂತ ಕೆಲವು ತಿಂಗಳು ಹಳೆಯದಾಗಿರಬಹುದು, ಹೊಸದಾಗಿರಲು ಸಾಧ್ಯವಿಲ್ಲ. ಸಿಬಿಎಸ್ ಕಾಲದಲ್ಲಿ 1966ರ ಪಾಟ್‌ಗಳ ದೊಡ್ಡ ದಾಸ್ತಾನು 1969ರ ಗಿಟಾರುಗಳವರೆಗೂ ಬಳಕೆಯಾಯಿತು, ಅಲ್ಲಿ ಮೂರು ವರ್ಷದ ಅಂತರ ಸಹಜ.

ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಯಾರೂ ಮುಟ್ಟದ ಬೆಸುಗೆಯ ಸುತ್ತ ಕಂದು ಬಣ್ಣದ ಫ್ಲಕ್ಸ್ (ಬೆಸುಗೆ ಹಿಡಿಸಲು ಬಳಸುವ ವಸ್ತು) ಒಣಗಿ ಗಾಜಿನಂತೆ ಕೂತಿರುತ್ತದೆ. ಮತ್ತೆ ಕಾಯಿಸಿದ್ದರೆ ತವರ ಹೊಳೆಯುತ್ತ ಉಂಡೆಗಟ್ಟಿರುತ್ತದೆ, ವೈರಿನ ಬಟ್ಟೆಯ ಹೊದಿಕೆ ಸುಟ್ಟು ಹಿಂದೆ ಸರಿದಿರುತ್ತದೆ. 1968ರವರೆಗೆ ಬಟ್ಟೆ ಸುತ್ತಿದ ವೈರು ಇರಬೇಕು; ಪ್ಲಾಸ್ಟಿಕ್ ಹೊದಿಕೆ ಕಂಡರೆ ಬದಲಾಗಿದೆ. ಸೀಸದ ಬೆಸುಗೆಯಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪಿಕಪ್ ಆರಿಸಲು ಐದು ಸ್ಥಾನದ ಸ್ವಿಚ್ ಇದೆಯೇ? ಫೆಂಡರ್ 1977ಕ್ಕೆ ಮುಂಚೆ ಸ್ಟ್ರಾಟ್‌ಗೆ ಮೂರು ಸ್ಥಾನದ್ದನ್ನೇ ಹಾಕುತ್ತಿತ್ತು. ಇದು ಅತಿ ಸಾಮಾನ್ಯವಾದ, ಅತಿ ಕ್ಷಮಾರ್ಹವಾದ ಬದಲಾವಣೆ. ಮೂಲ ಸ್ವಿಚ್ ಕೇಸಿನಲ್ಲೇ ಇದ್ದರೆ ಕಡಿತ ಇಲ್ಲವೆನ್ನುವಷ್ಟು ಕಡಿಮೆ.

## 7. ಪಿಕಪ್

ಬೆಸುಗೆ ಬಿಚ್ಚದೆ ಅಳೆಯಿರಿ. ಜ್ಯಾಕ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 250 ಕಿಲೋಓಮ್ ಪಾಟ್ ಜೊತೆಗಿರುವುದರಿಂದ 6 ಕಿಲೋಓಮ್ ಪಿಕಪ್ 5.86 ಎಂದು ತೋರುತ್ತದೆ. ಗಿಬ್ಸನ್‌ನಲ್ಲಿ 500ರ ಪಾಟ್‌ನಿಂದ 8 ಎನ್ನುವುದು 7.87 ಆಗುತ್ತದೆ.

ಸೆಕೆಯನ್ನೂ ಲೆಕ್ಕ ಹಾಕಿ. ತಾಮ್ರದ ತಂತಿಯ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39 ಏರುತ್ತದೆ. ಶಿಕಾಗೋದ 20 ಡಿಗ್ರಿ ಕೋಣೆಯಲ್ಲಿ ಮಾರುವವರು 6.0 ಎಂದು ಬರೆದದ್ದು ಮಂಗಳೂರಿನ 30 ಡಿಗ್ರಿಯಲ್ಲಿ 6.23 ತೋರಿಸಿದರೆ ಯಾರೂ ಮೋಸ ಮಾಡಿಲ್ಲ.

ಆ ಕಾಲದ ಸ್ಟ್ರಾಟ್ ಪಿಕಪ್‌ಗಳು ಹೆಚ್ಚಾಗಿ 5.5ರಿಂದ 6.5ರೊಳಗೆ, ಗಿಬ್ಸನ್‌ನ ಪಿಎಎಫ್ ('ಪೇಟೆಂಟ್ ಅಪ್ಲೈಡ್ ಫಾರ್' ಚೀಟಿಯ) ಹಂಬಕರ್‌ಗಳು 7ರಿಂದ 9ರೊಳಗೆ ಇರುತ್ತವೆ. ಒಂದೇ ಒಂದು ಪಿಕಪ್ ತೀರ ಬೇರೆ ತೋರಿಸಿದರೆ ಅದಕ್ಕೆ ಮತ್ತೆ ತಂತಿ ಸುತ್ತಿಸಿರಬಹುದು. ಸ್ಟ್ರಾಟ್ ಪಿಕಪ್‌ನ ತಳದ ಹಲಗೆ 1964ರ ಆರಂಭದವರೆಗೆ ಕಪ್ಪು, ಆಮೇಲೆ ಬೂದು. 1961ರ ಗಿಟಾರಿನಲ್ಲಿ ಬೂದು ತಳ ಇರಬಾರದು.

ಪಿಎಎಫ್‌ನ ಲೋಹದ ಮುಚ್ಚಳ ತೆಗೆಯಬೇಡಿ. ಎಂದೂ ಕರಗದ ಮುಚ್ಚಳದ ಬೆಸುಗೆಗೇ ಪ್ರತ್ಯೇಕ ಬೆಲೆ ಇದೆ. 1962ರ ಸುಮಾರಿನಿಂದ ಬಂದ ಪಿಕಪ್‌ಗಳ ಚೀಟಿಯಲ್ಲಿ 2,737,842 ಎಂಬ ಪೇಟೆಂಟ್ ಸಂಖ್ಯೆ ಇದೆ. ಅದು ಹಂಬಕರ್‌ನದ್ದಲ್ಲ, ಟೇಲ್‌ಪೀಸ್‌ನದ್ದು (ತಂತಿಗಳ ಕೆಳ ತುದಿ ಹಿಡಿಯುವ ಭಾಗ). ಹಾಗೆಂದು ಚೀಟಿ ನಕಲಿಯಲ್ಲ, ಗಿಬ್ಸನ್ ಅಂಟಿಸಿದ್ದೇ ಹಾಗೆ.

## 8. ಫ್ರೆಟ್ ಮತ್ತು ಫಿಂಗರ್‌ಬೋರ್ಡ್

ನುಡಿಸಿದ ಗಿಟಾರಿಗೆ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬದಲಾಗುವುದು ಸಹಜ. ಮೂಲ ಅಳತೆಯ ಫ್ರೆಟ್ ತಂತಿಯಲ್ಲಿ, ಬೋರ್ಡ್ (ಬೆರಳು ಒತ್ತುವ ಹಲಗೆ) ಉಜ್ಜದೆ ಮಾಡಿದ್ದರೆ ಕಡಿತ ಶೇ. 5ರ ಆಸುಪಾಸು. ಬೋರ್ಡನ್ನು ಚಪ್ಪಟೆಗೆ ಉಜ್ಜಿ ದಪ್ಪ ಫ್ರೆಟ್ ಹಾಕಿದ್ದರೆ ಅದಕ್ಕಿಂತ ಹೆಚ್ಚು, ಏಕೆಂದರೆ ಮರ ಹೋಗಿದೆ. ಬೋರ್ಡಿನ ಗುರುತಿನ ಚುಕ್ಕಿಗಳು ತೆಳುವಾಗಿ ಅಂಚು ಮಸುಕಾಗಿವೆಯೇ ನೋಡಿ. ಲೆಸ್ ಪಾಲ್‌ನಲ್ಲಿ ಫ್ರೆಟ್‌ನ ತುದಿಗೆ ಬೈಂಡಿಂಗ್‌ನ (ಅಂಚಿನ ಪ್ಲಾಸ್ಟಿಕ್ ಪಟ್ಟಿಯ) ಪುಟ್ಟ ಉಬ್ಬು ಇರುತ್ತದೆ. ಅದು ಮಾಯವಾಗಿದ್ದರೆ ಫ್ರೆಟ್ ಬದಲಾಗಿದೆ.

ಇಡೀ ಬೋರ್ಡ್ ಬದಲಾಗಿದ್ದರೆ ದೊಡ್ಡ ಇಳಿತ. ಬೋರ್ಡ್ ರೋಸ್‌ವುಡ್‌ನದ್ದಾಗಿದ್ದರೆ ಮೂಲದ್ದು ಬ್ರೆಜಿಲ್‌ನ ರೋಸ್‌ವುಡ್. ಬದಲಿಗೆ ಹಾಕುವುದು ಹೆಚ್ಚಾಗಿ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿ. ಬೀಟೆ ನೇರಳೆ ಮಿಶ್ರಿತ ಕಂದು, ಬ್ರೆಜಿಲ್‌ನದ್ದರಲ್ಲಿ ಕಪ್ಪು ಗೆರೆ ಹೆಚ್ಚು. ಬರೀ ಕಣ್ಣಿನಿಂದ ಖಚಿತ ಹೇಳಲಾಗದ್ದರಿಂದ ಬೋರ್ಡ್ ಮತ್ತು ನೆಕ್ ಸೇರುವ ಗೆರೆಯಲ್ಲಿ ಹೊಸ ಅಂಟು, ಹೊಸ ಲ್ಯಾಕರ್ ಹುಡುಕಿ.

## 9. ಗಿಬ್ಸನ್‌ನ ಮುರಿದ ತಲೆ

1960ರ ದಶಕದ ಮಧ್ಯದವರೆಗಿನ ಗಿಬ್ಸನ್ ತಲೆ 17 ಡಿಗ್ರಿ ಹಿಂದಕ್ಕೆ ಬಾಗಿದೆ, ಟ್ರಸ್ ರಾಡ್‌ನ (ನೆಕ್ಕಿನೊಳಗಿನ ಲೋಹದ ಸರಳಿನ) ಗುಳಿ ಅಲ್ಲೇ ಮರವನ್ನು ತೆಳು ಮಾಡಿದೆ. ಕೇಸಿನೊಳಗೆ ಬಿದ್ದರೂ ಮುರಿಯುವುದು ಅಲ್ಲಿಯೇ. ನಟ್‌ನ ಹಿಂಭಾಗಕ್ಕೆ ಯುವಿ ಹಿಡಿಯಿರಿ, ಕಪ್ಪು ಪಟ್ಟಿ ಕಂಡರೆ ಅಲ್ಲಿ ಹೊಸ ಲ್ಯಾಕರ್ ಇದೆ. ಬಿಳಿ ಟಾರ್ಚನ್ನು ಮೈಗೆ ತಾಗಿಸಿ ಓರೆಯಾಗಿ ಹಿಡಿದರೆ ಅಂಟಿನ ಗೆರೆ ನೆರಳಾಗಿ ಕಾಣುತ್ತದೆ. ಚೆನ್ನಾಗಿ ಅಂಟಿಸಿದ ತಲೆ ನುಡಿಸಲು ಎಷ್ಟೇ ಗಟ್ಟಿಯಾಗಿದ್ದರೂ ಬೆಲೆ ಶೇ. 40ರಿಂದ 50 ಇಳಿಯುತ್ತದೆ.

## 10. ಲೆಕ್ಕ: ಕೂಡಿಸಬೇಡಿ, ಗುಣಿಸಿ

ಕಡಿತಗಳನ್ನೆಲ್ಲ ಕೂಡಿಸಿ ಒಟ್ಟಿಗೇ ಕಳೆಯುವುದು ದುಬಾರಿ ತಪ್ಪು. ಒಂದೊಂದು ಕಡಿತವೂ ಉಳಿದ ಬೆಲೆಯ ಮೇಲೆ ಬೀಳಬೇಕು. ಆಧಾರ ಬೆಲೆ 100 ಎಂದಿಟ್ಟುಕೊಳ್ಳಿ. 1963ರ ಸ್ಟ್ರಾಟ್, ಮರುಬಣ್ಣ ಆಗಿದೆ: 50. ಟ್ಯೂನರ್ ತೂತು ಅಗಲವಾಗಿದೆ, ಶೇ. 10: 45. ಫ್ರೆಟ್ ಬದಲಾಗಿದೆ, ಶೇ. 5: ಸುಮಾರು 43. ಕೂಡಿಸಿ ಕಳೆದಿದ್ದರೆ 35 ಬರುತ್ತಿತ್ತು. ಇಲ್ಲದ ಅಥವಾ ಬದಲಾದ ಬಿಡಿಭಾಗಗಳನ್ನು ಮಾತ್ರ ಶೇಕಡದಲ್ಲಿ ಅಲ್ಲ, ಆ ಭಾಗದ ಇಂದಿನ ಡಾಲರ್ ಬೆಲೆಯಲ್ಲಿ ಕೊನೆಗೆ ಕಳೆಯಿರಿ. ಅದೇ ಕಾಲದ ಪಿಕಪ್ ಸೆಟ್ ಎಷ್ಟಕ್ಕೆ ಸಿಗುತ್ತದೋ ಅಷ್ಟು.

ಇನ್ನೊಂದು ತುದಿಯಿಂದಲೂ ಪರೀಕ್ಷಿಸಿ: ನೆಕ್, ಪಿಕಪ್, ಪಾಟ್, ಬ್ರಿಡ್ಜ್, ಕೇಸ್ ಬಿಡಿಬಿಡಿಯಾಗಿ ಎಷ್ಟಕ್ಕೆ ಹೋಗುತ್ತವೆ? ಗಿಟಾರಿನ ಬೆಲೆ ಅದಕ್ಕಿಂತ ಕೆಳಗಿಳಿಯುವುದು ಅಪರೂಪ. ನಿಮ್ಮ ಲೆಕ್ಕ ಅದಕ್ಕಿಂತ ಕೆಳಗೆ ಬಂದಿದ್ದರೆ ಎಲ್ಲೋ ಒಂದು ದೋಷವನ್ನು ಎರಡು ಸಲ ಎಣಿಸಿದ್ದೀರಿ.

ಜಾಹೀರಾತಿನ ಮಾತುಗಳನ್ನೂ ಬಿಡಿಸಿ ಓದಿ. 'ಪೀರಿಯಡ್ ಕರೆಕ್ಟ್' ಎಂದರೆ ಆ ಕಾಲದ ಭಾಗ, ಈ ಗಿಟಾರಿನದ್ದಲ್ಲ. 'ಪ್ಲೇಯರ್ ಗ್ರೇಡ್' ಎಂದರೆ ದೋಷವಿದೆ, ಯಾವುದೆಂದು ನೀವೇ ಕೇಳಬೇಕು.

## 11. ಮಾರ್ಪಾಡನ್ನು ಹಿಂದಕ್ಕೆ ತರುವುದಾದರೆ

ಮರ, ಬಣ್ಣ ಮುಟ್ಟದೆ ಆಗುವುದನ್ನು ಮಾತ್ರ ಮಾಡಿಸಿ. ಅಗಲವಾದ ಟ್ಯೂನರ್ ತೂತಿಗೆ ಮರದ ಗೂಟ ತುಂಬಿ ಮತ್ತೆ ಕೊರೆಯಬೇಡಿ. ಹೊರ ಅಳತೆ ದೊಡ್ಡದಾದ ಅಡಾಪ್ಟರ್ ಬುಶಿಂಗ್ ಹಾಕಿದರೆ ಕ್ಲೂಸನ್ ಕೂರುತ್ತದೆ. ಹಳೆಯ ಮರುಬಣ್ಣವನ್ನು ಕಿತ್ತು ಮೂಲ ಬಣ್ಣದಂತೆ ಹೊಡೆಸುವುದರಿಂದ ಬೆಲೆ ಮೂಲಕ್ಕೆ ಏರುವುದಿಲ್ಲ, ಆಗಲೂ ಅದು ಮರುಬಣ್ಣವೇ. ತುಕ್ಕು ಹಿಡಿದ ಬ್ರಿಡ್ಜನ್ನು ಹೊಸದಾಗಿ ನಿಕಲ್ ಮಾಡಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತೆಗೆದ ಪ್ರತಿ ಭಾಗವನ್ನೂ, ಸುಟ್ಟುಹೋದ ಪಾಟ್ ಆಗಿದ್ದರೂ, ತಾರೀಕು ಬರೆದ ಚೀಟಿಯೊಂದಿಗೆ ಕೇಸಿನಲ್ಲೇ ಇಡಿ.

## 12. ಗಡಿ ದಾಟಿಸುವ ಮುನ್ನ

ಬ್ರೆಜಿಲ್ ರೋಸ್‌ವುಡ್ 1992ರಿಂದ ಸೈಟ್ಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅದರ ಬೋರ್ಡ್ ಇರುವ ಗಿಟಾರನ್ನು ಅಮೆರಿಕದಲ್ಲಿ ಕೊಂಡು ಭಾರತಕ್ಕೆ ಕಳಿಸಬೇಕಾದರೆ, ಒಪ್ಪಂದಕ್ಕಿಂತ ಹಿಂದಿನದು ಎಂಬ ಪ್ರಮಾಣಪತ್ರ ಮೊದಲೇ ಸಿಗಬೇಕು. ಹಣ ಕೊಡುವ ಮುನ್ನವೇ ಮಾರುವವರು ಇದನ್ನು ಮಾಡಿಸಿಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ. 4ನೇ ಮತ್ತು 6ನೇ ಹಂತದಲ್ಲಿ ತೆಗೆದ ನೆಕ್ ತಾರೀಕು, ಪಾಟ್ ಅಂಕೆಗಳ ಫೋಟೊಗಳನ್ನು ಅರ್ಜಿಯೊಂದಿಗೆ ಸೇರಿಸಿ. ಗಿಟಾರಿನ ವಯಸ್ಸಿಗೆ ಅವೇ ದಾಖಲೆ.